ಚಿಗರಿಯ ಆಯ, ಬಂದೂಕಿನ ಗುರಿ

ಕುಕನೂರಿನಿಂದ ಯಲಬುರ್ಗಾ ಕಡೆಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ, ಹಿಂಗಾರಿನ ಬೆಳೆ ಎದ್ದು ನಿಂತ ದಿನಗಳಲ್ಲಿ, ಕಡಲೆ ಹೊಲದ ನಡುವೆ ಚಿಗರಿಯ ಹಿಂಡು ಕಾಣಿಸುವುದು ಅಪರೂಪವೇನಲ್ಲ. ಹತ್ತಾರು ಕಂದು ಬಣ್ಣದ ಹೆಣ್ಣುಗಳು. ಅವುಗಳಿಂದ ಸ್ವಲ್ಪ ದೂರದಲ್ಲಿ ಕತ್ತೆತ್ತಿ ನಿಂತ ಒಂದು ಗಂಡು; ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತಲೆಯ ಮೇಲೆ ತಿರುಚಿದ ಎರಡು ಕೊಂಬು. ಬಸ್ಸಿನ ಸದ್ದಿಗೆ ಅವು ಅಷ್ಟಾಗಿ ಹೆದರುವುದಿಲ್ಲ. ಬಸ್ಸು ನಿಂತು, ಒಬ್ಬ ಮನುಷ್ಯ ಇಳಿದು, ಹೊಲದ ಬದುವಿನ ಮೇಲೆ ನಾಲ್ಕು ಹೆಜ್ಜೆ ಇಟ್ಟನೆಂದರೆ ಮಾತ್ರ ಇಡೀ ಹಿಂಡು ಚಿಮ್ಮಿ ಓಡುತ್ತದೆ. ಎರಡು ಕಾಲಿನ ಮೇಲೆ ನಡೆದು ಬರುವ ಪ್ರಾಣಿ ಯಾವುದೆಂಬುದು ಅದಕ್ಕೆ ಚೆನ್ನಾಗಿ ಗೊತ್ತು.

ಪುಸ್ತಕದ ಭಾಷೆಯಲ್ಲಿ ಇದು ಕೃಷ್ಣಮೃಗ. ಈ ಸೀಮೆಯ ಜನರ ಬಾಯಲ್ಲಿ ಚಿಗರಿ. ಜಿಂಕೆ ಎಂದು ಕರೆಯುವುದು ರೂಢಿಯಾದರೂ ಪ್ರಾಣಿಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಮೂಡುತ್ತದೆ. ಚಿಗರಿಯದು ಕವಲಿಲ್ಲದ, ಸಾಯುವವರೆಗೂ ಉದುರದ ಕೊಂಬು. ಅದರ ನಂಟು ದನ, ಕುರಿಗಳ ಕಡೆಗೇ ಹೆಚ್ಚು. ಆದರೆ ಬೇಟೆಯ ಮಾತು ಬಂದಾಗ ಈ ಭೇದ ದೊಡ್ಡದಲ್ಲ. ಚರ್ಮದೊಳಗೆ ಗುಂಡಿಗೆ ಮತ್ತು ಶ್ವಾಸಕೋಶ ಇರುವ ಜಾಗ ಎರಡರಲ್ಲೂ ಒಂದೇ.

ಇಂಥ ಹಿಂಡನ್ನು ಕಂಡಾಗ ಹಿಂದಿನ ಕಾಲದ ಬೇಟೆಗಾರನಿಗೆ ಏಳುತ್ತಿದ್ದ ಪ್ರಶ್ನೆ ಒಂದೇ: ಎಲ್ಲಿಗೆ ಹೊಡೆಯಬೇಕು? ಕನ್ನಡದಲ್ಲಿ ಇದಕ್ಕೊಂದು ಹಳೆಯ ಮಾತಿದೆ, 'ಆಯ'. ಪೆಟ್ಟು ಬಿದ್ದರೆ ಜೀವ ನಿಲ್ಲದ ಜಾಗ ಅದು. ಏಟು ಆಯಕ್ಕೆ ಬಿತ್ತು ಎಂದರೆ ಕೆಲಸ ಮುಗಿಯಿತು. ಆಯ ತಪ್ಪಿತು ಎಂದರೆ ಅಲ್ಲಿಂದ ಬೇರೆಯೇ ಕತೆ ಶುರುವಾಯಿತು. ಸಂಸ್ಕೃತದವರು ಇದನ್ನೇ ಮರ್ಮ ಎಂದರು. ಬೇಟೆಯನ್ನು ಕಲಿಸುವುದು ಈ ಲೇಖನದ ಉದ್ದೇಶವಲ್ಲ. ಚಿಗರಿಯನ್ನು ಕೊಲ್ಲುವುದು 1972ರ ಕಾಯಿದೆಯ ಪ್ರಕಾರ ಘೋರ ಅಪರಾಧ. ಆದರೆ ಎಲ್ಲಿಗೆ ಹೊಡೆಯಬೇಕೆಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಬಹು ದೀರ್ಘವಾದ ಇತಿಹಾಸವಿದೆ. ರೈತರ ಹೊಲದಲ್ಲಿ ಅದು ಇಂದು ಇನ್ನೊಂದು ರೂಪದಲ್ಲಿ ಮರಳಿ ಬಂದಿದೆ. ಆದ್ದರಿಂದ ಅದನ್ನು ಬಿಡಿಸಿ ನೋಡುವುದು ಅವಶ್ಯ.

ಮೊದಲು ಪ್ರಾಣಿಯ ದೇಹ. ಚಿಗರಿ ಅಡ್ಡಲಾಗಿ ನಿಂತಿದೆ ಎಂದುಕೊಳ್ಳೋಣ. ಗುಂಡಿಗೆ ಇರುವುದು ನಾವು ಊಹಿಸುವಂತೆ ಎದೆಯ ನಡುವಿನಲ್ಲಲ್ಲ. ಅದು ತೀರ ಕೆಳಗೆ, ಮುಂಗಾಲಿನ ಮೊಣಕೈ ಗಂಟಿನ ಹಿಂದೆಯೇ ಇದೆ. ಅದರ ಮೇಲೂ ಹಿಂದೂ ಶ್ವಾಸಕೋಶಗಳು ತುಂಬಿಕೊಂಡಿವೆ. ಹಾಗಾಗಿ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲಕ್ಕೆ ಹೋಗಿ, ಮೈಯ ಎತ್ತರದ ಮೂರನೆಯ ಒಂದು ಪಾಲಿನಷ್ಟರಲ್ಲಿ ನಿಂತರೆ ಅದೇ ಆಯದ ಜಾಗ. ಒಂದು ಗೇಣಿಗೂ ಕಡಿಮೆ ಅಗಲ. ಮಕ್ಕಳಿಗೆಂದು ಬಡಿದ ಸಣ್ಣ ಜೋಳದ ರೊಟ್ಟಿಯಷ್ಟು. ಅದರಿಂದ ಅರ್ಧ ಮೊಳ ಹಿಂದಕ್ಕೆ ಸರಿದರೆ ಹೊಟ್ಟೆ. ಮೆಲುಕು ಹಾಕುವ ಪ್ರಾಣಿಯಾದ್ದರಿಂದ ಆ ಹೊಟ್ಟೆ ದೊಡ್ಡದು, ದೇಹದ ಹಿಂದಿನ ಅರ್ಧವನ್ನೆಲ್ಲ ಅದೇ ಆಕ್ರಮಿಸಿರುತ್ತದೆ. ತಲೆಯಂತೂ ಮಿದುಳಿಗಿಂತ ಮೂಳೆ, ದವಡೆಗಳೇ ಹೆಚ್ಚಿರುವ ಗುರಿ. ತಲೆಗೆ ಹೊಡೆಯಹೋಗಿ ದವಡೆ ಒಡೆದರೆ ಆ ಪ್ರಾಣಿ ಹುಲ್ಲು ಮೇಯಲಾರದೆ ದಿನಗಟ್ಟಲೆ ಬದುಕಿ ಸಾಯುತ್ತದೆ.

ಏಟು ಬಿದ್ದ ಕೂಡಲೆ ಪ್ರಾಣಿ ಬೀಳುತ್ತದೆ ಎಂಬುದು ಸಿನಿಮಾದವರ ಕಲ್ಪನೆ. ಶ್ವಾಸಕೋಶವನ್ನು ಗುಂಡು ತೂರಿ ಹೋದರೂ ಚಿಗರಿ ನೂರು ಗಜ ಓಡಿ ಆಮೇಲೆ ಕುಸಿಯಬಹುದು. ಹಳೆಯ ಶಿಕಾರಿಗಳು ಓಡಿದ ಪ್ರಾಣಿಗಿಂತ ನೆಲವನ್ನು ಮೊದಲು ನೋಡುತ್ತಿದ್ದರು. ಬಿದ್ದ ರಕ್ತ ನೊರೆನೊರೆಯಾಗಿ ತಿಳಿಗೆಂಪಾಗಿದ್ದರೆ ಏಟು ಶ್ವಾಸಕೋಶಕ್ಕೆ ತಗುಲಿದೆ. ಕಪ್ಪುಗೆಂಪಾಗಿದ್ದರೆ ಪಿತ್ತಜನಕಾಂಗಕ್ಕೆ. ಹಸಿರು ಬೆರೆತು ಹುಲ್ಲಿನ ಚೂರು ಅಂಟಿದ್ದರೆ ಹೊಟ್ಟೆಗೆ; ಆಗ ತಕ್ಷಣ ಬೆನ್ನಟ್ಟಬಾರದು. ಬೆನ್ನಟ್ಟಿದರೆ ಅದು ಮೈಲುಗಟ್ಟಲೆ ಓಡುತ್ತದೆ, ಬಿಟ್ಟರೆ ಎಲ್ಲೋ ಮಲಗಿ ಅಲ್ಲೇ ಸಾಯುತ್ತದೆ. ಅದಕ್ಕೆ ಗಂಟೆಗಳೇ ಬೇಕು.

ನಮ್ಮ ವೈದ್ಯಶಾಸ್ತ್ರ ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಲೆಕ್ಕ ಹಾಕಿ ಇಟ್ಟಿತ್ತು. ಸುಶ್ರುತ ಸಂಹಿತೆ ಮನುಷ್ಯದೇಹದಲ್ಲಿ 107 ಮರ್ಮಗಳನ್ನು ಎಣಿಸಿ, ಪೆಟ್ಟಿನ ಪರಿಣಾಮದ ಮೇಲೆ ಅವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ತಕ್ಷಣ ಪ್ರಾಣ ತೆಗೆಯುವವು 19, ಕಾಲಾಂತರದಲ್ಲಿ ಕೊಲ್ಲುವವು 33. ಚುಚ್ಚಿದ ಬಾಣವನ್ನು ಕಿತ್ತರೆ ಮಾತ್ರ ಸಾವು ತರುವವು 3. ಅಂಗವೈಕಲ್ಯ ತರುವವು 44, ಬರಿಯ ನೋವು ಕೊಡುವವು 8. ಈ ಪಟ್ಟಿ ಶಸ್ತ್ರವೈದ್ಯನಿಗೆ ಬರೆದದ್ದು. ಆದರೆ ಬಾಣ ತಗುಲಿದ ದೇಹಗಳನ್ನು ನೋಡಿ ನೋಡಿ ಹುಟ್ಟಿದ ಜ್ಞಾನವಿದು ಎಂಬುದು ಓದಿದವರಿಗೆ ಹೊಳೆಯದೆ ಇರದು. ಬೇಟೆಗಾರನಿಗೆ ಬೇಕಾದ್ದು ಮೊದಲ 19ರ ಬಗೆ. ಅವನ ಕೈಗೆ ಹೆಚ್ಚಾಗಿ ಸಿಗುತ್ತಿದ್ದದ್ದು ನಂತರದ 33ರ ಬಗೆ.

ಈ ಸೀಮೆಯ ಮನುಷ್ಯ ಬೇಟೆಯಾಡಲು ತೊಡಗಿದ್ದು ಯಾವಾಗ ಎಂದು ಹೇಳುವುದು ಕಷ್ಟ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಬೃಹತ್ ಶಿಲಾ ಗೋರಿಗಳಿವೆ. ಜನ ಅವನ್ನು ಮೋರಿಯರ ಮನೆಗಳೆನ್ನುತ್ತಾರೆ. ಸುರಪುರದ ಇತಿಹಾಸದಲ್ಲಿ ಹೆಸರಾದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿ ಅವುಗಳ ಬಗ್ಗೆ ಬರೆದ. ಅಲ್ಲಿನ ಬಂಡೆಯ ಆಸರೆಗಳಲ್ಲಿ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು, ಕುದುರೆಗಳು, ಜಿಂಕೆಗಳು, ಕುಣಿತದ ಸಾಲುಗಳು ಇಂದಿಗೂ ಉಳಿದಿವೆ. ನದಿ ದಾಟಿ ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಕೆಳಗಿನ ಪಟ್ಟಿಗಳಲ್ಲಿ ಮತ್ತೆ ಬೇಟೆ, ಮತ್ತೆ ಜಿಂಕೆ. ಬಂಡೆಯ ಚಿತ್ರಕ್ಕೂ ದಿಬ್ಬದ ಶಿಲ್ಪಕ್ಕೂ ನಡುವೆ ಎರಡು ಸಾವಿರ ವರ್ಷದ ಅಂತರವಿರಬಹುದು. ಆಯುಧ ಮಾತ್ರ ಬದಲಾಗಿರಲಿಲ್ಲ. ಅದೇ ಈಟಿ, ಅದೇ ಬಿಲ್ಲು.

ಬಿಲ್ಲಿನ ಬೇಟೆಯ ಮುಖ್ಯ ಲಕ್ಷಣ ಹತ್ತಿರ ಹೋಗುವುದು. ಬಾಣ ಕೊಲ್ಲುವುದು ಕೊಯ್ದು, ರಕ್ತ ಹರಿಸಿ. ಮೂವತ್ತು ನಲವತ್ತು ಗಜಕ್ಕಿಂತ ದೂರವಾದರೆ ಅದು ನಂಬಿಕೆಯ ಆಯುಧವಲ್ಲ. ಆದ್ದರಿಂದ ಜಾಣತನವೆಲ್ಲ ಹತ್ತಿರ ಸೇರುವುದರಲ್ಲಿ ಖರ್ಚಾಗುತ್ತಿತ್ತು. ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿರುವ ಇಟಗಿಯಲ್ಲಿ, 'ದೇವಾಲಯ ಚಕ್ರವರ್ತಿ' ಎನಿಸಿದ ಮಹಾದೇವ ದೇಗುಲವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಮೃಗಬೇಟೆಗೇ ಒಂದು ಭಾಗವಿದೆ. ಪಳಗಿಸಿದ ಜಿಂಕೆಯನ್ನು ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವ ಉಪಾಯವೂ ಅಲ್ಲಿ ಬರುತ್ತದೆ. ಇದೆಲ್ಲ ಗುರಿಯನ್ನು ಹತ್ತಿರ ತರುವ ವಿದ್ಯೆ. ಬಾಣವನ್ನು ದೂರ ಕಳಿಸುವುದಲ್ಲ.

ರಾಮಾಯಣದ ಕತೆಗಾರನಿಗೂ ಇದು ಗೊತ್ತಿತ್ತು. ಆನೆಗೊಂದಿಯ ಬೆಟ್ಟಗಳನ್ನು ನಾವು ಕಿಷ್ಕಿಂಧೆಯೆಂದು ನಂಬಿಕೊಂಡು ಬಂದವರಾದ್ದರಿಂದ ಈ ಮಾತು ಇಲ್ಲಿ ಪ್ರಸ್ತುತ. ವಾಲ್ಮೀಕಿಯಲ್ಲಿ ಮೂರು ಬಾಣಗಳ ಕತೆಯಿದೆ. ಚಿನ್ನದ ಜಿಂಕೆಯಾಗಿ ಬಂದ ಮಾರೀಚನಿಗೆ ರಾಮನ ಬಾಣ ತಗುಲುವುದು ಸರಿಯಾಗಿ ಹೃದಯಕ್ಕೆ. ಆದರೂ ಸಾಯುವ ಮುನ್ನ ಕೂಗಲು ಅವನಿಗೆ ಅಷ್ಟು ಸಮಯ ಸಿಕ್ಕಿತು; ಆ ಕೂಗೇ ಮುಂದಿನ ಕತೆ. ದಶರಥ ಕತ್ತಲಲ್ಲಿ ಸದ್ದನ್ನು ನಂಬಿ ಬಿಟ್ಟ ಬಾಣ ಮುನಿಕುಮಾರನ ಮರ್ಮಕ್ಕೆ ತಗುಲಿತು. ಗುರಿ ಸರಿಯಾಗಿತ್ತು, ಗುರಿಯಿಟ್ಟ ಪ್ರಾಣಿ ಮಾತ್ರ ಬೇರೆಯಾಗಿತ್ತು. ಮೂರನೆಯದು ಇಲ್ಲೇ ಕಿಷ್ಕಿಂಧೆಯಲ್ಲಿ ವಾಲಿಯ ಎದೆಗೆ ಬಿದ್ದದ್ದು. ಮರೆಯಿಂದ ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ರಾಮ ಕೊಡುವ ಉತ್ತರಗಳಲ್ಲಿ ಒಂದು ಬೇಟೆಯ ನ್ಯಾಯ: ಬಲೆ ಒಡ್ಡಿಯೋ ಉರುಲು ಕಟ್ಟಿಯೋ ಅಡಗಿ ಕುಳಿತೋ, ಓಡುವ ಮೃಗವನ್ನಾಗಲಿ ನಿಂತ ಮೃಗವನ್ನಾಗಲಿ ಮನುಷ್ಯರು ಹೊಡೆಯುತ್ತಾರೆ, ಅದರಲ್ಲಿ ದೋಷವಿಲ್ಲ, ನೀನೂ ಶಾಖಾಮೃಗವೇ ಅಲ್ಲವೇ? ಈ ಉತ್ತರ ಎಷ್ಟು ಮಂದಿಯನ್ನು ಒಪ್ಪಿಸಿದೆಯೋ ಹೇಳಲಾರೆ. ಆದರೆ ಮೃಗದ ಎದುರು ಮರೆ ನಿಲ್ಲುವುದು ತಪ್ಪಲ್ಲವೆಂಬ ತಿಳಿವಳಿಕೆ ಆ ಕಾಲಕ್ಕೇ ಸಾಮಾನ್ಯವಾಗಿತ್ತು ಎಂಬುದು ಇದರಿಂದ ಸ್ಪಷ್ಟ. ಮರೆಯಲ್ಲಿ ನಿಂತರೆ ಹತ್ತಿರದಿಂದ ಹೊಡೆಯಬಹುದು, ಹತ್ತಿರದಿಂದ ಹೊಡೆದರೆ ಆಯ ತಪ್ಪುವುದು ಕಡಿಮೆ.

ಈ ದೋಅಬ್ ಸೀಮೆ ಬಂದೂಕಿನ ಗುರಿಯ ರುಚಿ ಕಂಡದ್ದು 1520ರಲ್ಲಿ. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಕೋವಿಗಾರರ ಒಂದು ಸಣ್ಣ ತಂಡ ಅವನ ಜೊತೆಗಿತ್ತು. ಗೋಡೆಯ ಮೇಲೆ ತಲೆ ಕಾಣಿಸಿದವರನ್ನು ಅವರು ಒಬ್ಬೊಬ್ಬರನ್ನಾಗಿ ಹೊಡೆದರೆಂದು ನ್ಯೂನಿಜ್ ಬರೆದಿದ್ದಾನೆ. ಕೋಟೆಯ ಅಧಿಕಾರಿಯೇ ಕೆಳಗೇನಾಗುತ್ತಿದೆಯೆಂದು ಬಗ್ಗಿ ನೋಡುವಾಗ ಹಣೆಗೆ ಗುಂಡು ಬಿದ್ದು ಸತ್ತ, ಕೋಟೆ ಶರಣಾಯಿತು. ಹಣೆಗೆ ಬಿದ್ದದ್ದು ಲಕ್ಷ್ಯವೋ ಅದೃಷ್ಟವೋ ಹೇಳುವಂತಿಲ್ಲ. ಆ ಕಾಲದ ಬತ್ತಿ ಕೋವಿಯ ಕೊಳವೆ ಒಳಗೆ ನುಣುಪು, ಗುಂಡು ಗೋಲಿಯಂತೆ ದುಂಡು. ಹಾರುವಾಗ ಅದು ಎತ್ತ ವಾಲುತ್ತದೆಂದು ಹೊಡೆದವನಿಗೇ ತಿಳಿಯದು. ಉರಿಯುವ ಬತ್ತಿ ಮದ್ದಿಗೆ ತಾಗಿ ಗುಂಡು ಹೊರಡುವಷ್ಟರಲ್ಲಿ ಚಿಗರಿಯಂಥ ಪ್ರಾಣಿ ಜಾಗ ಬದಲಿಸಿರುತ್ತಿತ್ತು. ಚಕಮಕಿಯ ಕೋವಿ ಬಂತು, ಕೇಪಿನ ಕೋವಿ ಬಂತು. ನುಣುಪು ಕೊಳವೆ ಇರುವವರೆಗೂ ಬೇಟೆಗಾರನು ಬಿಲ್ಲಿನವನಂತೆಯೇ ತೆವಳಿ ಹತ್ತಿರ ಹೋಗಬೇಕಾಗಿತ್ತು.

ಇದನ್ನು ಬದಲಿಸಿದ್ದು ರೈಫಲ್. ಕೊಳವೆಯ ಒಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ಹೊರಡುತ್ತದೆ. ತಿರುಗುವ ಬುಗುರಿ ವಾಲದೆ ನಿಲ್ಲುವಂತೆ ತಿರುಗುವ ಗುಂಡೂ ದಾರಿ ತಪ್ಪುವುದಿಲ್ಲ. 19ನೆಯ ಶತಮಾನದ ನಡುವಿನ ಹೊತ್ತಿಗೆ ಇಂಥ ಬಂದೂಕುಗಳು ಕಂಪನಿಯ ಅಧಿಕಾರಿಗಳ ಕೈಯಲ್ಲಿ ಸಾಮಾನ್ಯವಾದವು. ಜೇಮ್ಸ್ ಫೋರ್ಸಿತ್ ಎಂಬ ಅಧಿಕಾರಿ 1863ರಲ್ಲಿ ಬೇಟೆಯ ರೈಫಲು ಮತ್ತು ಗುಂಡುಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಮೈಸೂರಿನಲ್ಲಿ ಆನೆಗಳ ಖೆಡ್ಡಾದಿಂದ ಹೆಸರಾದ ಸ್ಯಾಂಡರ್ಸನ್ನನ ಪುಸ್ತಕ ಬಂದದ್ದು 1878ರಲ್ಲಿ. ಸಾಹೇಬರ ಬೇಟೆಯ ಬರಹಗಳಲ್ಲಿ 'ಭುಜದ ಹಿಂದೆ' ಎಂಬುದು ಒಂದು ಮಂತ್ರದಂತೆ ಮರುಕಳಿಸುತ್ತದೆ.

ಆದರೆ ಭುಜದ ಹಿಂದೆ ಹೊಡೆಯಲು ದಯೆಯೊಂದೇ ಕಾರಣವಾಗಿರಲಿಲ್ಲ. ಸಾಹೇಬನಿಗೆ ಗೋಡೆಗೆ ತೂಗುಹಾಕಲು ಕೊಂಬುಸಹಿತ ತಲೆ ಬೇಕು, ಆದ್ದರಿಂದ ತಲೆಗೆ ಹೊಡೆಯುವಂತಿಲ್ಲ. ಮಾಂಸಕ್ಕಾಗಿ ಹೊಡೆಯುವವನಿಗೆ ಭುಜದ ಮಾಂಸ ಹಾಳಾಗುವುದು ಇಷ್ಟವಿಲ್ಲ, ಅವನು ಕುತ್ತಿಗೆಗೆ ಹೊಡೆಯುತ್ತಾನೆ. ನಿಜಾಮರ ಸೀಮೆಯಲ್ಲಿ ಇನ್ನೊಂದು ಅಂಶವೂ ಇತ್ತು. ಗುಂಡಿನಿಂದಲೇ ಸತ್ತ ಪ್ರಾಣಿ ಹಲಾಲ್ ಅಲ್ಲವೆಂಬುದು ಅನೇಕ ಮುಸ್ಲಿಂ ಧರ್ಮಶಾಸ್ತ್ರಜ್ಞರ ಅಭಿಪ್ರಾಯ. ಆ ನಿಯಮ ಪಾಲಿಸುವವರು ಜೀವವಿರುವಾಗಲೇ ಕತ್ತು ಕೊಯ್ಯಬೇಕಾದ್ದರಿಂದ ಬೇಟೆಯ ಜೊತೆ ಚೂರಿ ಹಿಡಿದು ಓಡುವ ಆಳು ಅವಶ್ಯವಾಗಿದ್ದ. ಹೀಗೆ ಆಯ ಎಂಬುದು ಪ್ರಾಣಿಯ ದೇಹದಲ್ಲಿ ಇದ್ದರೂ ಅದನ್ನು ಆರಿಸುತ್ತಿದ್ದದ್ದು ಹೊಡೆದವನ ಅಗತ್ಯ.

ಗುಂಡಿನ ಕತೆಯೂ ವಿಚಿತ್ರವಾದದ್ದೇ. ಸೈನ್ಯದ ಗುಂಡಿಗೆ ಮೂತಿಯವರೆಗೂ ಗಟ್ಟಿ ಲೋಹದ ಕವಚ. ಅದು ಸಣ್ಣ ತೂತು ಮಾಡಿ ಆಚೆ ಹಾರಿಹೋಗುತ್ತದೆ, ಚಿಗರಿ ಆ ಗಾಯ ಹೊತ್ತೇ ಓಡುತ್ತದೆ. ಮೂತಿಯಲ್ಲಿ ಸೀಸ ತೆರೆದಿಟ್ಟರೆ ಗುಂಡು ಒಳಹೊಕ್ಕು ಹೂವಿನಂತೆ ಅರಳಿ ಅಗಲವಾಗಿ ಹರಿಯುತ್ತದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಿಂದ ಇಂಥ ಗುಂಡಿಗೆ ಹೆಸರೇ ಬಂತು. ಮನುಷ್ಯರ ಮೇಲೆ ಇದನ್ನು ಬಳಸುವುದು ಕ್ರೌರ್ಯವೆಂದು 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಬೇಟೆಯಲ್ಲಾದರೋ ಅರಳದ ಗುಂಡು ಬಳಸುವುದೇ ಕ್ರೌರ್ಯವೆನಿಸಿಕೊಂಡಿತು. ಶತ್ರು ಸಾಯದೆ ಗಾಯಗೊಂಡರೂ ಸಾಕು, ಜಿಂಕೆ ಗಾಯಗೊಳ್ಳದೆ ಸಾಯಬೇಕು.

ಈ ಬಂದೂಕನ್ನು ನಮ್ಮ ಎರೆ ನೆಲಕ್ಕೆ ತಂದಾಗ ಆದದ್ದೇನು? ಮಲೆನಾಡಿನ ಕಾಡಿನಲ್ಲಿ ಬೇಟೆಗಾರನಿಗೆ ಮರವಿದೆ, ಪೊದೆಯಿದೆ. ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು' ಓದಿದವರಿಗೆ ಆ ಲೋಕ ಗೊತ್ತು. ಕುಷ್ಟಗಿ, ಯಲಬುರ್ಗಾದ ಬಯಲಿನಲ್ಲಿ ಜಾಲಿ ಗಿಡವೊಂದನ್ನು ಬಿಟ್ಟರೆ ಮರೆಯೇ ಇಲ್ಲ. ಚಿಗರಿ ಅರ್ಧ ಮೈಲಿನಿಂದಲೇ ಮನುಷ್ಯನನ್ನು ಗುರುತಿಸುತ್ತದೆ. ಎತ್ತಿನ ಬಂಡಿಗೆ ಮಾತ್ರ ಅದು ಅಂಜದು, ದಿನವೂ ನೋಡುವ ವಸ್ತುವಾದ್ದರಿಂದ. ಹಾಗಾಗಿ ಬಯಲುಸೀಮೆಯ ಶಿಕಾರಿಗಳು ಬಂಡಿಯ ಪಕ್ಕದಲ್ಲಿ ನಡೆಯುತ್ತ, ಹಿಂಡಿನ ಸುತ್ತ ದೊಡ್ಡ ಸುತ್ತು ಹಾಕಿ, ಸ್ವಲ್ಪ ಸ್ವಲ್ಪವೇ ಒಳಗೆ ಸರಿದು ನೂರು ಗಜಕ್ಕೆ ಬರುತ್ತಿದ್ದರು. ತಾಳ್ಮೆ ಇದ್ದವರ ಮಾತು ಅದು. ಇಲ್ಲದವರ ಕೈಯಲ್ಲಿ ದೂರ ಹೊಡೆಯುವ ರೈಫಲು ಇತ್ತಲ್ಲ!

ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಓಡುವ ಚಿಗರಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಕ್ರಮಿಸುತ್ತದೆ. ಇನ್ನೂ ಜೋರಾಗಿ ಓಡಬಲ್ಲ ಪ್ರಾಣಿ ಅದು. ಸೆಕೆಂಡಿಗೆ 600 ಮೀಟರು ಹೋಗುವ ಗುಂಡು 200 ಮೀಟರು ಮುಟ್ಟಲು ಸೆಕೆಂಡಿನ ಮೂರನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಚಿಗರಿ ಐದೂವರೆ ಮೀಟರು ಮುಂದೆ ಹೋಗಿರುತ್ತದೆ, ಅಂದರೆ ತನ್ನ ಮೈಯ ಉದ್ದದ ನಾಲ್ಕು ಪಟ್ಟು. ರೊಟ್ಟಿಯಗಲದ ಆಯಕ್ಕೆ ಹೊಡೆಯಲು ಐದೂವರೆ ಮೀಟರು ಮುಂದಿನ ಖಾಲಿ ಜಾಗಕ್ಕೆ ಗುರಿಯಿಡಬೇಕು! ನಿಂತ ಪ್ರಾಣಿಯ ವಿಷಯದಲ್ಲೂ ಬಿಸಿಲೇರಿದ ಮೇಲೆ ಎರೆ ಹೊಲದ ಮೇಲಿನ ಗಾಳಿ ನೀರಿನಂತೆ ಅಲುಗುತ್ತದೆ. ಬಿಸಿಲ್ಗುದುರೆಯ ಆ ಬಯಲಲ್ಲಿ ಕಾಲು ಎಲ್ಲಿ, ಎದೆ ಎಲ್ಲಿ ಎಂದು ತಿಳಿಯದು. ತಪ್ಪಿದ ಗುಂಡನ್ನು ತಡೆಯಲು ಗುಡ್ಡವೂ ಇಲ್ಲ. ಅದು ಮೈಲಾಚೆಯ ದನಕ್ಕೋ ಕುರುಬನಿಗೋ ತಾಗಬಹುದು. ಬಂದೂಕು ಎಷ್ಟು ದೂರ ಹೊಡೆಯಬಲ್ಲದೋ ಅಷ್ಟು ದೂರಕ್ಕೆ ಮನುಷ್ಯನ ಕಣ್ಣು, ಕೈ, ತಾಳ್ಮೆ ಬೆಳೆದಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಬಯಲುಸೀಮೆಯ ಬೇಟೆಯ ಇತಿಹಾಸದ ತಿರುಳು ಇಷ್ಟೇ. ಆಯುಧ ಸುಧಾರಿಸಿದಂತೆ ಆಯ ತಪ್ಪುವುದು ಕಡಿಮೆಯಾಗಬೇಕಿತ್ತು. ಆದದ್ದು ತಿರುಗಾಮುರುಗಾ.

ಗುಂಡಿನ ಗೊಡವೆಯೇ ಇಲ್ಲದೆ ಚಿಗರಿ ಹಿಡಿಯುತ್ತಿದ್ದವರ ಕತೆಯನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಉತ್ತರ ಕರ್ನಾಟಕದ ಹರಣಶಿಕಾರಿಗಳ ಹೆಸರಿನಲ್ಲೇ ಜಿಂಕೆಯಿದೆ. ಹರಣ ಎಂದರೆ ಜಿಂಕೆ. ಕೆಲವೆಡೆ ಅವರನ್ನು ಚಿಗರಿ ಬೇಟೆಗಾರರೆಂದೂ ಕರೆಯುತ್ತಾರೆ. ಇವರ ಬಳಗವೇ ಆದ ಫಾಸೆ ಪಾರ್ಧಿಗಳ ಫಾಸೆ ಎಂದರೆ ಉರುಲು. ಪಳಗಿದ ಎತ್ತಿನ ಮರೆಯಲ್ಲಿ ಹಿಂಡಿನ ಹತ್ತಿರ ಸಾಗುವುದು, ನೆಲದಲ್ಲಿ ಸಾಲು ಉರುಲು ಹರಡುವುದು, ಸಾಕಿದ ಗಂಡು ಚಿಗರಿಯ ಕೊಂಬಿಗೆ ಕುಣಿಕೆ ಕಟ್ಟಿ ಬಿಡುವುದು, ಇವೆಲ್ಲ ಇಂಥ ಬೇಟೆಗಾರರ ವಿದ್ಯೆಗಳು. ಕೊನೆಯದಂತೂ ಚಿಗರಿಯ ಸ್ವಭಾವವನ್ನು ಬಲ್ಲವರಿಗೆ ಮಾತ್ರ ಹೊಳೆಯುವಂಥದ್ದು. ತನ್ನ ಜಾಗಕ್ಕೆ ಬಂದ ಪರಕೀಯ ಗಂಡಿನ ಮೇಲೆ ಹಿಂಡಿನ ಗಂಡು ಏರಿ ಬರುತ್ತದೆ, ಕೊಂಬಿಗೆ ಕೊಂಬು ಹೆಣೆಯುತ್ತದೆ, ಕುಣಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಾಯಗೊಂಡು ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಉರುಲೇನೂ ದಯೆಯ ಸಾಧನವಲ್ಲ. ಅದರಲ್ಲಿ ಒದ್ದಾಡುವ ಪ್ರಾಣಿಯ ಸಂಕಟ ಸಣ್ಣದಲ್ಲ. ಆದರೆ ಅದು ಆ ದಿನದ ಹೊಟ್ಟೆಪಾಡಿಗೆ ಬೇಕಾದಷ್ಟೇ ಹಿಡಿಯುವ ಸಾಧನ.

ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದಿತು. ಮುಂದೆ ಅದರ ಬಲೆಗೆ ಬಿದ್ದ ಅಲೆಮಾರಿಗಳಲ್ಲಿ ಇವರೂ ಸೇರಿದರು. ಹುಬ್ಬಳ್ಳಿಯ ಸೆಟ್ಲಮೆಂಟ್ ಎಂಬ ಬಡಾವಣೆಯ ಹೆಸರು ಆ ಕಾಲದ ಬೇಲಿಯನ್ನು ಇನ್ನೂ ನೆನಪಿಸುತ್ತದೆ. 1952ರಲ್ಲಿ ಕಾಯಿದೆ ಹೋಯಿತು, ಕಳಂಕ ಹೋಗಲಿಲ್ಲ. ಆಯುಧವುಳ್ಳವರ ಗತಿಯೂ ಸುಖದ್ದಾಗಿರಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿರೆಂಬ ಆಜ್ಞೆಗೆ ತಲೆಬಾಗದ ಮುಧೋಳ ಸೀಮೆಯ ಹಲಗಲಿಯ ಬೇಡರ ಊರನ್ನೇ ಸುಡಲಾಯಿತು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಮರುವರ್ಷ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಅಲ್ಲೇ ಹೋರಾಡಿ ಮಡಿದ. ಉರುಲಿನವನು ಅಪರಾಧಿ, ನಾಡಬಂದೂಕಿನವನು ಬಂಡುಕೋರ, ರೈಫಲಿನವನು ಕ್ರೀಡಾಪಟು. ಹೀಗೆ ಒಂದೇ ಚಿಗರಿಯ ಹಿಂದೆ ಬಿದ್ದ ಮೂವರಿಗೆ ಮೂರು ಹೆಸರು.

ಕೊಪ್ಪಳ, ಯಲಬುರ್ಗಾ ಆಗ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಗಂಗಾವತಿ, ಕುಷ್ಟಗಿ ನೇರವಾಗಿ ನಿಜಾಮ ಸರ್ಕಾರದವು. 1948ರಲ್ಲಿ ಆ ಆಳ್ವಿಕೆ ಮುಗಿಯಿತು. ಹಾಗೆಂದು ಚಿಗರಿಗೆ ಬಿಡುಗಡೆ ಸಿಗಲಿಲ್ಲ. ಎರಡನೆಯ ಮಹಾಯುದ್ಧ ಮುಗಿದು ಸೈನ್ಯದ ಜೀಪುಗಳು ಮಾರಾಟಕ್ಕೆ ಬಂದಿದ್ದವು. ಬೆಳೆರಕ್ಷಣೆಯ ಹೆಸರಿನಲ್ಲಿ ಬಂದೂಕಿನ ಪರವಾನಗಿಗಳು ಉದಾರವಾಗಿ ಸಿಕ್ಕವು. ದೇಶದ ಬಯಲುಗಳಲ್ಲೆಲ್ಲ ರಾತ್ರಿ ಜೀಪಿನಲ್ಲಿ ಹೋಗಿ ಪ್ರಖರ ಬೆಳಕು ಹಾಯಿಸಿ, ಕಣ್ಣು ಕೋರೈಸಿ ನಿಂತ ಹಿಂಡಿನ ಮೇಲೆ ಗುಂಡು ಹಾರಿಸುವುದು ಒಂದು ಚಾಳಿಯಾಯಿತು. ಅಲ್ಲಿ ಆಯದ ಮಾತೆಲ್ಲಿ ಬಂತು? ಹೊಳೆಯುವ ಕಣ್ಣುಗಳೇ ಗುರಿ. ಚಿಗರಿಯ ಹುಟ್ಟು ಬೇಟೆಗಾರನಾದ ಸಿವಂಗಿ, ಅಂದರೆ ಚೀತಾ, ನಮ್ಮ ದೇಶದಲ್ಲಿ ಮುಗಿದದ್ದೂ ಹೀಗೆಯೇ. 1947ರಲ್ಲಿ ಈಗಿನ ಛತ್ತೀಸಗಡದ ಕೊರಿಯಾ ಸಂಸ್ಥಾನದ ರಾಜ ರಾತ್ರಿಯಲ್ಲಿ ಮೂರನ್ನು ಒಟ್ಟಿಗೆ ಹೊಡೆದ. 1952ರಲ್ಲಿ ಚೀತಾ ನಿರ್ನಾಮವಾಯಿತೆಂದು ಸಾರಲಾಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 80 ಸಾವಿರದಷ್ಟಿದ್ದ ಚಿಗರಿಗಳು 1964ರ ಹೊತ್ತಿಗೆ 8 ಸಾವಿರಕ್ಕೆ ಇಳಿದವೆಂಬ ಅಂದಾಜು ಆಗಾಗ ಉದ್ಧೃತವಾಗುತ್ತದೆ. ಅಂಕಿಯಲ್ಲಿ ಹೆಚ್ಚುಕಡಿಮೆ ಇರಬಹುದು. ಕುಸಿತ ಮಾತ್ರ ನಿಜ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಯನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿ, ಸಿಂಹಗಳಿಗಿರುವ ರಕ್ಷಣೆ ಅದು. 1974ರಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ಬಂತು. ಕೊಪ್ಪಳದ ಕಡೆ ಅಂಥ ಧಾಮವಿಲ್ಲದೆಯೂ ಚಿಗರಿ ಮರಳಿತು. ಹೊಲಗಳೇ ಅದರ ಕಾಡು.

ತೊಡಕು ಇರುವುದು ಅಲ್ಲೇ. ಹೆಸರು, ಕಡಲೆ, ಶೇಂಗಾ, ಎಳೆಯ ಜೋಳ ಎಲ್ಲವೂ ಚಿಗರಿಗೆ ಹುಲ್ಲಿನಷ್ಟೇ ಪ್ರಿಯ. ಮಳೆಯನ್ನೇ ನಂಬಿ ಬಿತ್ತಿದವನ ಹೊಲಕ್ಕೆ ಒಂದು ಹಿಂಡು ಎರಡು ರಾತ್ರಿ ಬಂದುಹೋದರೆ ಬೀಜದ ಖರ್ಚೂ ಹುಟ್ಟುವುದಿಲ್ಲ. ಸರ್ಕಾರದ ಪರಿಹಾರ ಉಂಟು. ಅರ್ಜಿ, ಪಹಣಿ, ಫೋಟೊ ಎಂದು ತಿರುಗುವಷ್ಟರಲ್ಲಿ ಬಂದ ಹಣ ಓಡಾಟಕ್ಕೇ ಆಯಿತೆಂಬ ದೂರೂ ಉಂಟು. ಹೀಗಾಗಿ ಪ್ರತಿ ವರ್ಷ ಒಂದು ಮಾತು ಏಳುತ್ತದೆ: ಒಂದಿಷ್ಟನ್ನು ಹೊಡೆದುಹಾಕಲು ಅನುಮತಿ ಕೊಡಿ. ಕಾಯಿದೆಯಲ್ಲಿ ಇದಕ್ಕೆ ಜಾಗವಿಲ್ಲ. ಮೊದಲ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೆ ಗುಣವಾಗದಂಥ ಗಾಯ, ರೋಗಕ್ಕೆ ತುತ್ತಾಗಿದ್ದರೆ ಮಾತ್ರ ಕೊಲ್ಲಲು ಅನುಮತಿ ಸಿಗಬಹುದು. ಬೆಳೆನಷ್ಟ ಅಲ್ಲಿ ಕಾರಣವಲ್ಲ.

ರೈತನ ಸಿಟ್ಟು ನ್ಯಾಯವಾದದ್ದು ಎಂದೇ ನಾನು ತಿಳಿಯುತ್ತೇನೆ. ಅನುಮತಿ ಕೊಡಿ ಎನ್ನುವವರು ಮಾತ್ರ ಪ್ರತಿ ಗುಂಡೂ ಆಯಕ್ಕೇ ಬೀಳುತ್ತದೆಂದು ಭಾವಿಸಿದಂತಿದೆ. ಬಿಹಾರದಲ್ಲಿ ನೀಲಗಾಯಿಯನ್ನು ಪೀಡಕ ಪ್ರಾಣಿಯೆಂದು ಸಾರಿ, 2016ರಲ್ಲಿ ಮೊಕಾಮಾ ಬಯಲಿನಲ್ಲಿ ನುರಿತ ಗುರಿಕಾರರನ್ನು ಕರೆಸಿ ಇನ್ನೂರಕ್ಕೂ ಹೆಚ್ಚು ಹೊಡೆಸಿದರು. ನೀಲಗಾಯಿ ಚಿಗರಿಗಿಂತ ಬಹಳ ದೊಡ್ಡ ಪ್ರಾಣಿ, ಗುರಿಯೂ ದೊಡ್ಡದು. 2019ರಲ್ಲಿ ಅದೇ ರಾಜ್ಯದ ವೈಶಾಲಿ ಜಿಲ್ಲೆಯಿಂದ ಒಂದು ವಿಡಿಯೊ ಹೊರಬಂತು. ಗಾಯಗೊಂಡರೂ ಸಾಯದ ನೀಲಗಾಯಿಯೊಂದನ್ನು ಜೆಸಿಬಿ ಯಂತ್ರದಿಂದ ಗುಂಡಿಗೆ ದೂಡಿ ಜೀವಂತ ಮಣ್ಣು ಮುಚ್ಚುವ ದೃಶ್ಯವದು. ಯಲಬುರ್ಗಾದ ಬಯಲಿನಲ್ಲಿ, ಹೊಲ ಹೊಲಕ್ಕೂ ಜನ ಕಾವಲಿರುವ ರಾತ್ರಿಯಲ್ಲಿ, ಅದರ ಅರ್ಧದಷ್ಟೂ ಇಲ್ಲದ ಚಿಗರಿಯ ಮೇಲೆ ಯಾರು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ಹೊಡೆಯಬೇಕು?

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೊಂದು ಧಾಮ ರೂಪುಗೊಂಡಿದೆ. ಸಿವಂಗಿ ಹೋದ ಮೇಲೆ ಈ ಬಯಲಿನಲ್ಲಿ ಚಿಗರಿಯನ್ನು ಹಿಡಿಯಬಲ್ಲ ಪ್ರಾಣಿ ಅದೊಂದೇ. ತೋಳ ಗುರಿಯಿಡುವುದಿಲ್ಲ, ಓಡಿಸಿ ದಣಿಸುತ್ತದೆ. ಕುಂಟುವುದು, ಮುದಿಯಾದದ್ದು, ಹಿಂದುಳಿದದ್ದು ಮೊದಲು ಸಿಗುತ್ತದೆ. ಆದರೆ ತೋಳಕ್ಕೆ ಕುರಿಯೂ ಬೇಕಲ್ಲ. ಕುರಿಗಾರರನ್ನು ಕೇಳಿದರೆ ಧಾಮದ ಬಗ್ಗೆ ಅವರದೇ ಲೆಕ್ಕವಿರುತ್ತದೆ. ಚಿಗರಿಗೂ ಒಂದು ಧಾಮ ಮಾಡಿ ಎಂಬ ಬೇಡಿಕೆ ಯಲಬುರ್ಗಾ ಕಡೆಯಿಂದ ಇದೆ. ಖಾಸಗಿ ಹೊಲಗಳ ನಡುವೆ ಅದಕ್ಕೆ ಬೇಕಾದ ಹುಲ್ಲುಗಾವಲು ಎಲ್ಲಿಂದ ತರುವುದೆಂಬುದು ಅದರ ಮುಂದಿನ ಪ್ರಶ್ನೆ.

ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಬೇಟೆಯ ಮಾತಿಲ್ಲ. ಆದರೆ ಅದೇ ಅರಸ ಬೇರೆಡೆ ಬರೆಸಿದ ಮೊದಲನೆಯ ಬಂಡೆಶಾಸನದಲ್ಲಿ ತನ್ನ ಅಡುಗೆಮನೆಯ ಲೆಕ್ಕ ಕೊಡುತ್ತಾನೆ. ಹಿಂದೆ ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಮೂರೇ: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ಪ್ರತಿದಿನವಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ. ಅರಮನೆಯ ಅಡುಗೆಮನೆಗೆ ಹೀಗೆ ಬರೆಯಿಸುವುದು ಸಾಧ್ಯವಿತ್ತು. ಆ ಅರಸನಿಗೆ ಕಾಯಬೇಕಾದ ಕಡಲೆ ಹೊಲ ಇರಲಿಲ್ಲ.

ಈಗ ಈ ಭಾಗದ ಹೊಲಗಳ ಸುತ್ತ ಹಳೆಯ ಸೀರೆಗಳನ್ನು ಬೇಲಿಯಂತೆ ಕಟ್ಟಿರುವುದನ್ನು ಕಾಣಬಹುದು. ಕೆಂಪು, ಹಳದಿ, ಹಸಿರು ಸೀರೆಗಳು ಗಾಳಿಗೆ ಪಟಪಟಿಸುತ್ತವೆ. ನಾಲ್ಕು ದಿನ ಚಿಗರಿ ದೂರ ನಿಲ್ಲುತ್ತದೆ, ಐದನೆಯ ದಿನ ಅವನ್ನು ದಾಟುತ್ತದೆ. ರಾತ್ರಿ ಗುಡಿಸಲಿನಲ್ಲಿ ಮಲಗಿದವನು ಎದ್ದು ಬ್ಯಾಟರಿ ಹಾಯಿಸುತ್ತಾನೆ. ಕತ್ತಲಲ್ಲಿ ಜೋಡಿ ಜೋಡಿಯಾಗಿ ಕಣ್ಣುಗಳು ಹೊಳೆಯುತ್ತವೆ. ಅವನು ಖಾಲಿ ಡಬ್ಬ ಬಡಿಯುತ್ತಾನೆ. ಹಿಂಡು ಚಿಮ್ಮಿ ಬದು ದಾಟಿ ಪಕ್ಕದವನ ಹೊಲಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೂ ಡಬ್ಬದ ಸದ್ದು ಕೇಳಿಬರುತ್ತದೆ.